ಸೊಲ್ಲಾಪುರಕ್ಕೆ ಹೊರಟ ಅಪೀಲು

ಖಜೂರಿಯ ದಶರಥ ಬರ್ಮಾದ ಯುದ್ಧದಿಂದ ಮರಳಿದಾಗ ಅವನ ಬಲಗೈ ಭುಜದಿಂದ ಸುಮ್ಮನೆ ಜೋತಾಡುತ್ತಿತ್ತು. ಪಕ್ಕದಲ್ಲೇ ಸಿಡಿದ ಗುಂಡಿನ ಚೂರು ಭುಜದೊಳಗೆ ಹೊಕ್ಕು ನರ ಕತ್ತರಿಸಿತ್ತು. ಕುಡುಗೋಲು ಹಿಡಿಯಲಿಕ್ಕೂ ಬೆರಳು ಮಡಚುತ್ತಿರಲಿಲ್ಲ. ಪಿಂಚಣಿ ಕೇಳಿದ್ದಕ್ಕೆ, ಇದು ಚಿಕ್ಕಂದಿನಲ್ಲಿ ಬಿದ್ದು ಮುರಿದ ಕೈ, ಯುದ್ಧಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಫೌಜಿನ ಡಾಕ್ಟರು ಬರೆದರು. ಒಂದು ವರ್ಷದೊಳಗೆ ಅಪೀಲು ಮಾಡಬಹುದಿತ್ತು.

ಆಳಂದದ ನಿವೃತ್ತ ಮಾಸ್ತರ ಕಲ್ಯಾಣಪ್ಪ ಆ ಆದೇಶ ಓದಿ ಸಿಟ್ಟಾದರು. "ಮುರಿದ ಕೈಯವನ್ನ ಫೌಜಿಗೆ ಹೆಂಗ ತಗೊಂಡ್ರಪಾ? ಇದನ್ನ ಕೇಳೂಣು. ಆದ್ರ ಗಾಯ ಆಗಿದ್ದನ್ನ ಕಣ್ಣಾರೆ ಕಂಡವ್ರು ಬೇಕು."

ಕಂಡವನು ಒಬ್ಬನಿದ್ದ. ಜಿಡಗಾದ ಭಗವಂತ. ಬರ್ಮಾದ ಕೆಸರಿನಲ್ಲಿ ದಶರಥನನ್ನು ಬೆನ್ನಮೇಲೆ ಹೊತ್ತು ತಂದವನು ಅವನೇ. ಮಾಸ್ತರರು ಅವನ ಹೇಳಿಕೆ ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು.

ಅದು ನಲವತ್ತೆಂಟರ ಮಳೆಗಾಲ. ನಿಜಾಮರ ಸೀಮೆಯಿಂದ ಆಚೆಗೆ ಟಪಾಲು ನಿಂತಿತ್ತು. ಗಡಿಯಾಚೆ ನಿಜಾಮರ ವಿರೋಧಿಗಳು ಕ್ಯಾಂಪು ಹಾಕಿದ್ದರು; ಎರಡೂ ಕಡೆ ಹಳ್ಳಿಗಳು ಸುಡುತ್ತಿದ್ದವು. ಗಡಿಯಾಚೆ ಸೊಲ್ಲಾಪುರದ ಪಿಂಚಣಿ ಕಚೇರಿಗೆ ಕಾಗದವನ್ನು ಕೈಯಾರೆ ಒಯ್ಯದೆ ಗತಿ ಇರಲಿಲ್ಲ.

"ಹೋಗಬ್ಯಾಡ್ರಿ," ಎಂದಳು ಹೆಂಡತಿ ಸಾಬವ್ವ. "ಪಿಂಚಣಿ ಹಾಳಾಗಿ ಹೋಗ್ಲಿ."

"ಇವತ್ತ ಕಡೀ ದಿನ ಐತಿ. ನಾ ಸುಳ್ಳ ಹೇಳೇನಿ ಅಂತ ಬರದಾರ. ಅದು ಹಂಗೇ ಉಳೀಬಾರದು."

ಮೇಣಬಟ್ಟೆಯಲ್ಲಿ ಸುತ್ತಿದ ಕಾಗದವನ್ನು ಎದೆಗೆ ಕಟ್ಟಿಕೊಂಡು ದಶರಥ ನಡೆದ; ಭಗವಂತ ಜೊತೆಗೆ ಹೊರಟ. ಮಳೆಗೆಂದು ಇಬ್ಬರೂ ಹಳೆಯ ಖಾಕಿ ಕೋಟು ತೊಟ್ಟಿದ್ದರು. ಅದೇ ಮುಳುವಾಯಿತು. ಗಡಿಯ ಹಳ್ಳಕ್ಕೆ ಇಳಿಯುತ್ತಿದ್ದಂತೆ ಜಾಲಿ ಕಂಟಿಯಿಂದ ನಿಜಾಮರ ಕಡೆಯ ಇಬ್ಬರು ಎದ್ದು ಬಂದರು. ಒಬ್ಬನ ಕೈಯಲ್ಲಿ ಬಂದೂಕು, ಇನ್ನೊಬ್ಬನ ಕೈಯಲ್ಲಿ ಕೊಡಲಿ.

"ಆಚೀ ಕ್ಯಾಂಪಿನವ್ರೇನಲೇ?"

"ಅಲ್ರಿ, ನಾವು ಫೌಜ್ ಬಿಟ್ಟವ್ರು..." ಎಂದು ಭಗವಂತ ಎರಡೂ ಕೈ ಎತ್ತಿದ. ಗುಂಡು ಅವನ ಹೊಟ್ಟೆಗೆ ಬಿತ್ತು.

ಬಂದೂಕಿಗೆ ಮತ್ತೆ ತೋಟಾ ತುಂಬುವುದರೊಳಗೆ ದಶರಥ ಆ ಮನುಷ್ಯನ ಮೇಲೆ ಬಿದ್ದ. ಎಡಗೈಯಿಂದ ನಳಿಗೆ ಹಿಡಿದ. ಕುತ್ತಿಗೆ ಹಿಸುಕಲು ಬಲಗೈ ಏಳಲಿಲ್ಲ. ಹಲ್ಲಿನಿಂದ ಗಂಟಲಿಗೆ ಬಾಯಿ ಹಾಕಿದ. ಬೆನ್ನಮೇಲೆ ಕೊಡಲಿ ಇಳಿಯಿತು, ಆದರೂ ಬಿಡಲಿಲ್ಲ. ಬಂದೂಕಿನವನು ಒದ್ದಾಡಿ ತಣ್ಣಗಾದ ಮೇಲೆ, ಬಾಯಿ ತುಂಬ ರಕ್ತವಾಗಿ ದಶರಥ ಎದ್ದು ತಿರುಗಿದ. ಆ ಮುಖ ಕಂಡು ಕೊಡಲಿಯವನು ಕೊಡಲಿ ಬಿಸಾಕಿ ಓಡಿದ.

ಭಗವಂತನಲ್ಲಿ ಇನ್ನೂ ಉಸಿರಿತ್ತು. ದಶರಥ ಅವನ ಕೋಟಿನ ಕಾಲರು ಹಿಡಿದು, ನೀರಿನಲ್ಲಿ ಎಳೆದು ಆಚೆ ದಂಡೆಗೆ ತಂದ.

"ನಡೀಲೇ ದಶ್ಯಾ, ಹೊತ್ತಾಗ್ತೈತಿ," ಎಂದ ಭಗವಂತ. ಅಲ್ಲಿಗೆ ಅವನ ಉಸಿರು ನಿಂತಿತು.

ಆಚೆಯ ರೈತರಿಗೆ ಹೆಣ ಒಪ್ಪಿಸಿ, ಮಣ್ಣು ಕೊಡಿರೆಂದು ಬೇಡಿಕೊಂಡು, ದಶರಥ ಅಕ್ಕಲಕೋಟದ ಕಡೆ ಹೋಗುವ ಗಾಡಿ ಹತ್ತಿದ. ಅಲ್ಲಿಂದ ಬಸ್ಸು.

ಸೊಲ್ಲಾಪುರದ ಕಚೇರಿಯಲ್ಲಿ ಗುಮಾಸ್ತ ಕಪಾಟಿಗೆ ಬೀಗ ಹಾಕುತ್ತಿದ್ದ. ರಕ್ತ ಮೆತ್ತಿದ ಮನುಷ್ಯನನ್ನು ನೋಡಿ ಕುರ್ಚಿ ಕೊಟ್ಟ, ಸಾಹೇಬರನ್ನು ಕರೆದ. ನಡೆದದ್ದನ್ನೆಲ್ಲ ಕೇಳಿದ ಸಾಹೇಬರು ಹುಬ್ಬೇರಿಸಿದರು.

"ಬಂದೂಕಿನವನನ್ನ ಕೊಂದೆ ಅಂತೀ. ಕೈ ಕೆಲಸಾ ಮಾಡಂಗಿಲ್ಲ ಅಂತಲೂ ಅಂತೀ."

"ಕೈಯಿಂದ ಅಲ್ರಿ ಸಾಹೇಬ್ರ," ಎಂದ ದಶರಥ. "ಬಾಯಿಂದ."

ಸಾಹೇಬರು ಅಪೀಲಿನ ಮೇಲೆ ಅಂದಿನ ತಾರೀಖಿನ ಮೊಹರು ಒತ್ತಿದರು. ಅವನನ್ನು ಆಸ್ಪತ್ರೆಗೂ ಅವರೇ ಕಳಿಸಿದರು.

ನಿಜಾಮರ ಆಳ್ವಿಕೆ ಮುಗಿದು ದಾರಿ ತೆರೆದ ಮೇಲೆ ತೀರ್ಪು ಬಂತು. ಸತ್ತ ಸಾಕ್ಷಿಯ ಹೇಳಿಕೆಯನ್ನು ಒಪ್ಪಿದ್ದರು; ಗಾಯ ಯುದ್ಧದ್ದೇ ಎಂದು ಬರೆದಿದ್ದರು. ಸಾಬವ್ವ ಅತ್ತಳು. ದಶರಥ ಮರುದಿನವೇ ಜಿಡಗಾಕ್ಕೆ ಹೋದ. ಆಸ್ಪತ್ರೆಯಿಂದ ಬಂದವನು ಅಷ್ಟು ದಿನವೂ ಆ ಊರಿನ ದಾರಿ ತುಳಿದಿರಲಿಲ್ಲ.

ಭಗವಂತನ ಹೆಂಡತಿ ಮಾಳಮ್ಮ ಹೊಸ್ತಿಲಲ್ಲಿ ನಿಂತೇ ಎಲ್ಲವನ್ನೂ ಕೇಳಿದಳು.

"ಹೆಣ ಬಿಟ್ಟು ಹ್ವಾದ್ರೇನು?"

"ಹೌದವ್ವಾ. ಬಿಟ್ಟು ಹ್ವಾದೆ."

ಅವಳು ಬಾಗಿಲು ಹಾಕಿಕೊಂಡಳು. ದಶರಥ ಬಿಸಿಲಲ್ಲೇ ಕುಳಿತ. ಬಹಳ ಹೊತ್ತಿನ ಮೇಲೆ ಅವಳು ತಲೆಯ ಮೇಲೆ ಸೆರಗು ಎಳೆದುಕೊಂಡು ಹೊರಬಂದಳು.

"ಮಣ್ಣು ಕೊಟ್ಟ ಜಾಗಾ ತೋರಿಸ್ರಿ, ನಡೀರಿ," ಎಂದಳು.