ಅದು ಮೈಕಿನ ದೋಷವಾಗಿರಲಿಲ್ಲ

ಸುಮಾ, ನಿನ್ನ ಅಮ್ಮ ಆ ಗುರುವಾರ ಡಾಕ್ಟರರ ಬಳಿಗೆ ಹೋಗದೆ ಉಳಿದದ್ದು ಹಠದಿಂದಲ್ಲ. ಹೋಗುವ ಅಗತ್ಯವಿಲ್ಲವೆಂದು ನಾನು ನಂಬಿಸಿದ್ದರಿಂದ. ಅವರ ಗಂಟಲಲ್ಲಿ ಏನೋ ಕೆಟ್ಟದ್ದು ಕೂತಿದೆ ಎಂಬುದು ಡಾಕ್ಟರರಿಗಿಂತ ಐದಾರು ತಿಂಗಳು ಮೊದಲೇ ನನಗೆ ಗೊತ್ತಾಗಿತ್ತು — ಗೊತ್ತಾಗಿತ್ತು ಎಂದರೆ ಹೆಚ್ಚಾಯಿತೇನೋ, ಕೇಳಿಸಿತ್ತು ಅನ್ನೋಣ... ಇಲ್ಲ, ಇದೂ ಜಾರಿಕೊಳ್ಳುವ ಮಾತೇ. ಗೊತ್ತಾಗಿತ್ತು.

ಇದನ್ನು ಬಾಯಲ್ಲಿ ಹೇಳಲೆಂದು ಈಚೆಗೆ ಪುತ್ತಿಗೆಯ ನಿಮ್ಮ ಮನೆಗೆ ಬಂದು, ನೀನು ಕೊಟ್ಟ ಚಹಾ ಕುಡಿದು, ಸೊಸೈಟಿಯ ಸುದ್ದಿ, ಬಸ್ಸಿನ ಸುದ್ದಿ ಮಾತಾಡಿ ಮರಳಿದ್ದೇನೆ. ಆದ್ದರಿಂದ ಬರೆಯುತ್ತಿದ್ದೇನೆ.

ನಿನ್ನ ಅಮ್ಮ, ನಮ್ಮ ಟೀಚರ್, ನನಗೆ ಯಾರು ಎಂಬುದು ನಿನಗೆ ಗೊತ್ತು. ಐದನೆಯ ತರಗತಿಯಲ್ಲಿ, ಶ್ರುತಿಪೆಟ್ಟಿಗೆಯ ಒಂದು ಸ್ವರ ಕೂದಲೆಳೆಯಷ್ಟು ಇಳಿದಿದೆ ಎಂದು ನಾನು ಹೇಳಿದಾಗ ಕ್ಲಾಸಿಡೀ ನಕ್ಕಿತ್ತು. ಟೀಚರ್ ನಗಲಿಲ್ಲ. ಎರಡು ಸಲ ಕಿವಿಗೊಟ್ಟು ಕೇಳಿ, "ಹೌದು ಮಾರಾಯ, ಇವ ಹೇಳಿದ್ದು ಸರಿ" ಅಂದರು. ನಮ್ಮ ಮನೆಯಲ್ಲಿ ಅದುವರೆಗೆ ನಾನು ಹೇಳಿದ್ದು ಸರಿ ಎಂದು ಯಾರೂ ಹೇಳಿರಲಿಲ್ಲ. ಮುಂದೆ ನಾನು ಕುಂಬಳೆಯಲ್ಲಿ ಬೇಕರಿಯ ಮೇಲಿನ ಒಂದು ಕೋಣೆಗೆ ಹಳೆಯ ಹಾಸಿಗೆ, ಗೋಣಿ, ದಪ್ಪ ಪರದೆ ಹೊಡೆದು ಸ್ಟುಡಿಯೊ ಮಾಡಿದಾಗ ಮೊದಲು ಬಂದು ಹರಸಿದವರೂ ಅವರೇ.

ಆದರೆ ಅಲ್ಲಿ ನಾನು ಮಾಡುತ್ತಿದ್ದದ್ದೆಂತ? ಚಿನ್ನದಂಗಡಿಯ ಜಾಹೀರಾತು, ಚುನಾವಣೆಯ ಜೀಪಿನಲ್ಲಿ ಕೂಗುವ ಪ್ರಚಾರ, ಕಬಡ್ಡಿ ಪಂದ್ಯದ ಪ್ರಕಟಣೆ. ಆ ಸ್ವರಗಳಲ್ಲಿ ಹೆಚ್ಚಿನವು ಹಮೀದ್‌ಚ್ಚ ಅವರದು. ಶಿರಿಯದ ಹಮೀದ್‌ಚ್ಚ ಮೂರು ಭಾಷೆಗಳಲ್ಲಿ ಒಂದೇ ಉಸಿರಿಗೆ ಅನೌನ್ಸ್ ಮಾಡುವವರು. ಒಂದು ಮಳೆಗಾಲ ಅವರ ಸ್ವರದ ಅಡಿಯಲ್ಲಿ ಒಣ ತೆಂಗಿನ ಗರಿಯನ್ನು ನೆಲದ ಮೇಲೆ ಎಳೆದಂಥ ಒಂದು ಸದ್ದು ಸೇರಿಕೊಂಡಿತು. ಶೀತ ಅಂದುಕೊಂಡೆವು. ನಾಲ್ಕು ತಿಂಗಳು ಬಿಟ್ಟು ಗಂಟಲಿನ ಕ್ಯಾನ್ಸರ್ ಅಂದರು. ಮುಂದಿನ ಮಳೆಗಾಲಕ್ಕೆ ಅವರು ಇರಲಿಲ್ಲ. ಆ ತಿಂಗಳುಗಳ ರೆಕಾರ್ಡಿಂಗುಗಳನ್ನು ನಾನು ಎಷ್ಟು ಸಲ ಹಾಕಿ ಕೇಳಿದ್ದೇನೋ. ಆ ಗರಿಯ ಸದ್ದನ್ನು ನಾನು ಮರೆಯುವ ಹಾಗೇ ಇರಲಿಲ್ಲ. ಇದನ್ನು ನೀನು ನೆನಪಿಟ್ಟುಕೊಳ್ಳಬೇಕು — ನನಗೆ ಗೊತ್ತಿರಲಿಲ್ಲ ಎಂದು ನಾನು ಎಂದಾದರೂ ಹೇಳಿದರೆ ನಂಬಬೇಡ.

ಶಾಲೆಯ ಶತಮಾನೋತ್ಸವಕ್ಕೆ ಟೀಚರ್ ತಾವೇ ಬರೆದು ರಾಗ ಹಾಕಿ ಮಕ್ಕಳಿಗೆ ಕಲಿಸಿದ ಹತ್ತು ಹಾಡುಗಳನ್ನು ಅವರದೇ ಸ್ವರದಲ್ಲಿ ರೆಕಾರ್ಡ್ ಮಾಡಿ ತರುವುದೆಂದು ಹಳೆ ವಿದ್ಯಾರ್ಥಿ ಸಂಘದವರು ತೀರ್ಮಾನಿಸಿದ್ದು ನಿನಗೆ ಗೊತ್ತು. ಮಂಗಳೂರಿನಲ್ಲಿ ದೊಡ್ಡ ಸ್ಟುಡಿಯೊ ಉಂಟು, ಅಲ್ಲೇ ಮಾಡುವ ಎಂದರು ಕೆಲವರು. ನಾನು ಸಭೆಯಲ್ಲಿ ಎದ್ದು ನಿಂತು ವಾದಿಸಿದೆ. ಕ್ರಿಸ್ಮಸ್ ರಜೆಯೊಳಗೆ ಮುಗಿಸಿಕೊಡುವುದಾದರೆ ಕೆಲಸ ನನಗೇ, ಒಂದು ವಾರ ತಡವಾದರೂ ಮಂಗಳೂರಿಗೆ ಎಂದು ಒಪ್ಪಿದರು. ಆ ರೆಕಾರ್ಡಿನ ಹಿಂದೆ ನನ್ನ ಹೆಸರಿರಬೇಕಿತ್ತು, ಸುಮಾ. ಇಡೀ ಪಾಪದ ಬೇರು ಇಷ್ಟೇ ಚಿಕ್ಕದು.

ನನ್ನ ಬಳಿ ಇದ್ದದ್ದು ವೇದಿಕೆಯ ಮೈಕ್. ಬಾಯಿಗೆ ಹತ್ತಿರ ಇಟ್ಟರಷ್ಟೇ ಅದು ಸ್ವರ ಹಿಡಿಯುತ್ತದೆ. ಟೀಚರ್ ಸ್ವರಕ್ಕೆ ಕಂಡೆನ್ಸರ್ ಮೈಕೇ ಆಗಬೇಕು — ನಾಲಗೆ ಅಂಗುಳ ಬಿಡುವ ಸದ್ದು, ಸೀರೆಯ ಸೆರಗು ಸರಿದ ಸದ್ದು, ಉಸಿರು ಒಳಗೆ ಹೋಗಿ ನಿಂತ ಜಾಗ, ಎಲ್ಲವೂ ಅದಕ್ಕೆ ಕೇಳುತ್ತದೆ. ಮಂಗಳೂರಿನ ಗೆಳೆಯನೊಬ್ಬ ಎರಡು ಮೈಕುಗಳನ್ನು ಪರೀಕ್ಷೆಗೆಂದು ಕೊಟ್ಟ. ಒಂದು ಬಹಳ ಸ್ವಚ್ಛ, ಬಿಸಿಲಿನಂಥದು. ಇದ್ದದ್ದನ್ನು ಇದ್ದ ಹಾಗೆ ತೋರಿಸುತ್ತದೆ. ಇನ್ನೊಂದು ಹಳತು, ಮೇಲಿನ ಸ್ವರಗಳನ್ನು ಸ್ವಲ್ಪ ಮೆತ್ತಗೆ ಮಾಡಿ, ಕೆಳಗಿನದ್ದಕ್ಕೆ ತುಂಬು ಕೊಡುತ್ತದೆ. ಯಾವ ಸ್ವರಕ್ಕೆ ಯಾವುದು ಹೊಂದುತ್ತದೆ ಎಂದು ಹಾಡಿಸಿ ನೋಡಿಯೇ ಆರಿಸಬೇಕು. ನಾನು ಮೊದಲನೆಯದನ್ನೇ ಕೊಳ್ಳುವುದೆಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಅಂಥ ಸ್ವರ ಅವರದು. ಮುಚ್ಚಿಡುವಂಥದ್ದು ಏನೂ ಇರಲಿಲ್ಲ.

ದೀಪಾವಳಿ ಕಳೆದ ವಾರ, ಒಂದು ಸೋಮವಾರ ಬೆಳಗ್ಗೆ ಟೀಚರ್ ಬಂದರು. ಹೆಡ್‌ಫೋನ್ ಹಾಕಿಕೊಂಡು ನಾನು ಮೊದಲನೆಯ ಮೈಕಿನ ಮುಂದೆ ಅವರನ್ನು ನಿಲ್ಲಿಸಿದೆ. ಎರಡು ಸಾಲು ಚೆಂದ ಹೋಯಿತು. ಮೂರನೆಯ ಸಾಲಿನಲ್ಲಿ ಅವರು ಮೇಲಿನ ಷಡ್ಜಕ್ಕೆ ಹೋಗಿ ನಿಂತರು — ಅಲ್ಲಿ ಅದು ಇತ್ತು. ಗರಿ ಎಳೆದ ಸದ್ದು. ಸ್ವರದ ಹಿಂದೆ, ಸ್ವರಕ್ಕೆ ಸೇರದ ಇನ್ನೊಂದು.

ಹಾಡಿದ್ದನ್ನು ಹಾಕಿ ಕೇಳಿಸಿದಾಗ ಟೀಚರ್ ಕೂಡ ಗುರುತಿಸಿದರು. ನಾನು ಇನ್ನೊಮ್ಮೆ ಹಾಡಿಸುವುದೆಂದು ಬಟನ್ ಒತ್ತಿದೆ. ಅವರು ಹಾಡಲಿಲ್ಲ.

"ಎಂತ ಉದಯ, ನನ್ನ ಸ್ವರ ಹೀಗುಂಟಾ? ಎರಡು ತಿಂಗಳಾಯ್ತು, ನುಂಗುವಾಗ ಎಂತದೋ ತಡೆದ ಹಾಗೆ ಆಗ್ತದೆ. ಸುಮಾ ಗುರುವಾರಕ್ಕೆ ಮಂಗಳೂರಲ್ಲಿ ಟೋಕನ್ ತೆಗೆದಿದ್ದಾಳೆ. ನಿನ್ನ ಕಿವಿ ನನಗೆ ಗೊತ್ತುಂಟಲ್ಲ — ನೀನು ಹೇಳು."

ಹೇಳಿದರೆ ಗುರುವಾರ ಡಾಕ್ಟರ್, ಆಮೇಲೆ ಪರೀಕ್ಷೆಗಳು, ಆಮೇಲೆ... ಕ್ರಿಸ್ಮಸ್ ಕಳೆಯುತ್ತದೆ. ಇಷ್ಟು ಲೆಕ್ಕ ಹಾಕಲು ನನಗೆ ಒಂದು ನಿಮಿಷವೂ ಬೇಕಾಗಲಿಲ್ಲ.

"ಅದು ಮೈಕಿನ ದೋಷ ಟೀಚರ್. ಇದು ನಿಮ್ಮ ಸ್ವರಕ್ಕೆ ಆಗುವ ಮೈಕ್ ಅಲ್ಲ. ನಿಮಗೆ ಎಂತದೂ ಆಗಿಲ್ಲ."

ಅವರ ಮುಖ ಬಿಡುಗಡೆಯಾದ ಹಾಗೆ ಸಡಿಲವಾಯಿತು. ಅವರು ನಕ್ಕರು, ಸುಮಾ. ನನ್ನ ಮಾತು ನಂಬಿ ನಕ್ಕರು.

ನಾನು ಎರಡನೆಯ ಮೈಕ್ ಜೋಡಿಸಿದೆ. ಅವರನ್ನು ಒಂದು ಗೇಣು ಹಿಂದೆ ನಿಲ್ಲಿಸಿದೆ. ಹಾಡುಗಳ ಶ್ರುತಿ ಒಂದು ಹಂತ ಇಳಿಸಿದೆ, ಮೇಲಕ್ಕೆ ಹೋಗುವ ಕಷ್ಟ ಬೇಡವೆಂದು. ಆಗಲೂ ಉಳಿದ ಆ ಸದ್ದನ್ನು ಕಂಪ್ಯೂಟರಿನಲ್ಲಿ ಒರೆಸಿದೆ. ಗುರುವಾರ ಅವರು ಆಸ್ಪತ್ರೆಗೆ ಹೋಗುವ ಬದಲು ನನ್ನ ಸ್ಟುಡಿಯೊದಲ್ಲಿ ಎರಡು ಹಾಡು ಹಾಡಿದರು. "ಈ ಮೈಕ್ ಲಾಯ್ಕುಂಟು ಮಾರಾಯ" ಅಂದರು. ವಾರದಿಂದ ವಾರಕ್ಕೆ ಆ ಸದ್ದು ಬೆಳೆಯುವುದು ನನಗೆ ಕೇಳುತ್ತಿತ್ತು. ವಾರದಿಂದ ವಾರಕ್ಕೆ ನಾನು ಒರೆಸುವುದನ್ನು ಹೆಚ್ಚಿಸಿದೆ. ಕೆಲಸ ಮುಗಿದ ಮೇಲಾದರೂ ಹೇಳಬಹುದಿತ್ತು. ಆದರೆ ಹೇಳಿದರೆ, ಮೊದಲೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಸುಳ್ಳನ್ನು ಕಾಯುವುದಕ್ಕೇ ಮತ್ತೆ ಮೂರು ತಿಂಗಳು ಹೋದವು.

ಶತಮಾನೋತ್ಸವದ ವೇದಿಕೆಯಲ್ಲಿ ಆ ಹಾಡುಗಳನ್ನು ಬಿಡುಗಡೆ ಮಾಡಿ, ನನಗೆ ಶಾಲು ಹೊದಿಸಿದರು. ಎದುರಿನ ಸಾಲಿನಲ್ಲಿ ಟೀಚರ್ ಕರವಸ್ತ್ರ ಬಾಯಿಗೊತ್ತಿ ಕೆಮ್ಮುತ್ತಿದ್ದರು.

ಏಪ್ರಿಲಿನ ವಿಷು ಹಬ್ಬ ಕಳೆದು ಅವರಿಗೆ ಉಸಿರು ಸಿಕ್ಕಿಕೊಂಡಾಗ ನೀನು ಹೆಚ್ಚುಕಡಿಮೆ ಹೊತ್ತುಕೊಂಡೇ ಆಸ್ಪತ್ರೆಗೆ ಕರಕೊಂಡು ಹೋದೆ. ಸ್ವರಪೆಟ್ಟಿಗೆಯನ್ನೇ ತೆಗೆದರು. ಆಸ್ಪತ್ರೆಯ ವರಾಂಡದಲ್ಲಿ ನೀನು ನನ್ನೆದುರು ಹೇಳಿದ್ದನ್ನು ನೀನು ಮರೆತಿರಬಹುದು. "ಐದಾರು ತಿಂಗಳು ಮೊದಲು ಬಂದಿದ್ರೆ ಸ್ವರ ಉಳಿಸಬಹುದಿತ್ತೋ ಏನೋ ಅಂದ್ರು, ಉದಯಣ್ಣ. ನಾನು ಟೋಕನ್ ತೆಗೆದಿದ್ದೆ. ಅಮ್ಮನಿಗೆ ಎಂತ ಹಠವೋ, ಬರ್ಲೇ ಇಲ್ಲ." ನಾನು ನಿನ್ನ ಭುಜ ತಟ್ಟಿ ಸಮಾಧಾನ ಮಾಡಿದೆ. ಹೌದು, ಸಮಾಧಾನವನ್ನೂ ಮಾಡಿದೆ.

ಟೀಚರ್ ನಿನಗೆ ನನ್ನ ಹೆಸರು ಯಾಕೆ ಹೇಳಲಿಲ್ಲ? ಮರೆತರೇ, ಅಥವಾ ಅರ್ಥವಾಗಿ ಬಚ್ಚಿಟ್ಟರೇ... ನನಗೆ ಇಂದಿಗೂ ಗೊತ್ತಿಲ್ಲ. ನಾನು ಮನೆಗೆ ನೋಡಲು ಬಂದ ದಿನ ಅವರು ನೋಟ್‌ಪುಸ್ತಕದಲ್ಲಿ ಬರೆದು ತೋರಿಸಿದರು: "ನನ್ನ ಸ್ವರ ನಿನ್ನಲ್ಲಿ ಉಂಟಲ್ಲ, ಸಾಕು." ಅಕ್ಷರ ಎಂದಿನ ಹಾಗೆ ದುಂಡಗಿತ್ತು. ಗಂಟಲಿನ ತೂತಿಗೆ ಬಿಳಿ ಬಟ್ಟೆ ಕಟ್ಟಿತ್ತು. ನಾನು ತಲೆಯಾಡಿಸಿದೆ. ಆ ಉಪಕಾರಸ್ಮರಣೆಯನ್ನು ಸ್ವೀಕರಿಸಿ, ಮೆಟ್ಟಿಲಿಳಿದು, ಬಸ್ಸು ಹತ್ತಿದೆ. ಅವರು ಬದುಕಿದ್ದ ಇನ್ನೊಂದು ವರ್ಷದಲ್ಲಿ ನಾನು ಆ ಮೆಟ್ಟಿಲು ಹತ್ತಲಿಲ್ಲ.

ಮೊನ್ನೆ ಅವರ ವರ್ಷಾಂತಿಕದ ದಿನ, ಬಂದವರೆಲ್ಲ ಊಟ ಮಾಡಿ ಹೋದ ಮೇಲೆ, ನೀನು ಎಂಜಲೆಲೆಯ ಬುಟ್ಟಿ ಹಿಡಿದು ನಿಂತು ಹೇಳಿದೆ: "ಸತ್ತವರ ಮೇಲೆ ಸಿಟ್ಟು ಇಡಬಾರದಂತೆ. ನನಗೆ ಹೋಗುವುದಿಲ್ಲ ಉದಯಣ್ಣ. ಒಂದು ದಿನ, ಒಂದೇ ಒಂದು ದಿನ ನನ್ನ ಮಾತು ಕೇಳಿದ್ರೆ ಆಗ್ತಿತ್ತು ಅಮ್ಮನಿಗೆ." ನಿನ್ನ ಅಮ್ಮನಿಗೆ ಸಲ್ಲದ ಆ ಸಿಟ್ಟನ್ನು ಇನ್ನು ಒಂದು ದಿನವೂ ಅವರ ಮೇಲೆ ಇರಗೊಡುವ ಹಕ್ಕು ನನಗಿಲ್ಲ. ಅದು ನನ್ನದು. ನನಗೆ ಕೊಡು. ಕ್ಷಮಿಸು ಎಂದು ನಾನು ಕೇಳುತ್ತಿಲ್ಲ, ಕೇಳುವುದೂ ಇಲ್ಲ. ಸಂಘದವರಿಗೂ ಇದನ್ನೇ ಬರೆದು ಕೊಡುತ್ತೇನೆ. ಹೊದಿಸಿದ ಶಾಲನ್ನು ಹಿಂದಿರುಗಿಸುತ್ತೇನೆ.

ಇನ್ನೊಂದು ಉಂಟು. ಆ ಸೋಮವಾರದ ರೆಕಾರ್ಡಿಂಗನ್ನು ನಾನು ಅಳಿಸಿರಲಿಲ್ಲ. ಎರಡನೆಯ ಸಲ ಬಟನ್ ಒತ್ತಿದ್ದೆ ಎಂದೆನಲ್ಲ — ಅವರು ಹಾಡದೆ ಮಾತಾಡಿದರು, ಮೈಕ್ ತೆರೆದೇ ಇತ್ತು. ಒಂದೇ ಕೋಣೆಯ ಸ್ಟುಡಿಯೊ. ದೂರ ಕೂತ ನನ್ನ ಮಾತನ್ನೂ ಅದು ಬಿಡದೆ ಹಿಡಿದಿದೆ. ಈ ಭಾನುವಾರ ಬೆಳಗ್ಗೆ ಅದನ್ನು ತಂದು ನಿನ್ನ ಕೈಗೆ ಕೊಡುತ್ತೇನೆ. ಕೇಳುವುದು ಬಿಡುವುದು ನಿನ್ನ ಇಷ್ಟ.

ಈ ಕಾಗದ ಬರೆಯುವ ಮೊದಲು, ಇಷ್ಟು ವರ್ಷಗಳಲ್ಲಿ ಮೊದಲ ಸಲ, ನಾನು ಅದನ್ನು ಹಾಕಿ ಕೇಳಿದೆ. ಅವರು ಕೇಳಿದ್ದು ಒಂದು ಸಲ, ನಾನು ಹೇಳಿದ್ದು ಒಂದು ಸಲ ಎಂದೇ ನನ್ನ ನೆನಪಿನಲ್ಲಿತ್ತು. ಹಾಗೆಯೇ ಮೇಲೆ ಬರೆದಿದ್ದೇನೆ, ಹೊಡೆದುಹಾಕುವುದಿಲ್ಲ. ಆದರೆ ಅದು ಸರಿಯಲ್ಲ. ನಿನ್ನ ಅಮ್ಮ ಮೂರು ಸಲ ಕೇಳುತ್ತಾರೆ, ಸುಮಾ. "ಹೌದಾ? ಸರಿಯಾಗಿ ನೋಡಿ ಹೇಳು" ಅನ್ನುತ್ತಾರೆ. ಮೂರನೆಯ ಸಲ ಅವರ ಸ್ವರ ತೀರ ಸಣ್ಣದಾಗಿದೆ, ಮಗು ಕೇಳಿದ ಹಾಗೆ. ಮೂರೂ ಸಲ ನಾನು, ಸ್ವಲ್ಪವೂ ತಡವರಿಸದೆ, ಅದೇ ಉತ್ತರ ಕೊಡುತ್ತೇನೆ.