ಕರೋಶಿಯಲ್ಲಿ ಬೇಗ ಹುಟ್ಟಿದ ಚಂದ್ರ

ಮೊದಲೇ ಹೇಳಿಬಿಡುತ್ತೇನೆ: ನನಗೆ ಇಂಥ ಕಥೆಗಳೆಂದರೆ ಮೈ ಉರಿಯುತ್ತದೆ. ನಿಪ್ಪಾಣಿಯ ಒಂದು ವಾರಪತ್ರಿಕೆಗೆ ವರ್ಷಗಟ್ಟಲೆ 'ಈ ತಿಂಗಳ ಆಕಾಶ' ಎಂಬ ಅಂಕಣ ಬರೆದವನು ನಾನು. ಗುರು ಎಲ್ಲಿದ್ದಾನೆ, ಉಲ್ಕೆಗಳು ಯಾವ ರಾತ್ರಿ ಬೀಳುತ್ತವೆ, ಎಲ್ಲ ಕಷ್ಟಪಟ್ಟು ಬರೆದರೆ ಜನ ಕೇಳುತ್ತಿದ್ದುದೇನು? "ಸರ್, ನಮ್ಮ ಹುಡುಗನ್ನ ಶನಿ ಯಾವಾಗ ಬಿಡತಾನ್ರಿ?" ಹಿಡಿದಿದ್ದರೆ ತಾನೆ ಬಿಡುವುದು! ಇಡೀ ಅಂಕಣದಲ್ಲಿ ಅವರಿಗೆ ಬೇಕಾಗಿದ್ದುದು ಸಂಕಷ್ಟಿಯ ದಿನ ಚಂದ್ರ ಎಷ್ಟಕ್ಕೆ ಹುಟ್ಟುತ್ತಾನೆ ಎಂಬ ಒಂದೇ ಸಾಲು. ಅದನ್ನು ಓದಿದ ಮೇಲೆ ಆ ಹಾಳೆ ವಡಾಪಾವ್ ಕಟ್ಟಲು ಹೋಗುತ್ತಿತ್ತು. ಬೆಳಕು ಕಂಡೆ, ದೆವ್ವ ಕಂಡೆ ಎಂದು ಬರೆಯುವವರ ಪತ್ರಗಳನ್ನು ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಗಟ್ಟಿಯಾಗಿ ಓದಿ ನಗುತ್ತಿದ್ದೆ. ಈಗ ನಾನೇ ಅಂಥದೊಂದು ಬರೆಯುತ್ತಿದ್ದೇನೆ. ನೀವೂ ನಗಿ.

ಕರೋಶಿಯಲ್ಲಿ ನನ್ನ ಸೋದರತ್ತೆಯ ಮನೆ. ಮೊಬೈಲಿನಲ್ಲಿ ಮಾತಾಡಬೇಕೆಂದರೆ ಆ ಊರಲ್ಲಿ ಇನ್ನೂ ಮಾಳಿಗೆ ಹತ್ತಬೇಕಾಗಿದ್ದ ಕಾಲ ಅದು. ಅತ್ತೆಗೆ ಶುಗರ್. ಆದರೂ ತಿಂಗಳ ಸಂಕಷ್ಟಿ ಬಿಟ್ಟವಳಲ್ಲ. ಬೆಳಗಿನಿಂದ ಹನಿ ನೀರೂ ಇಲ್ಲದೆ ಉಪವಾಸ, ರಾತ್ರಿ ಚಂದ್ರನನ್ನು ಕಂಡ ಮೇಲೆಯೇ ತುತ್ತು. ಹಿಂದಿನ ಸಂಕಷ್ಟಿಗೆ ಎಚ್ಚರ ತಪ್ಪಿ ಬಿದ್ದು, ಚಿಕ್ಕೋಡಿಯಲ್ಲಿ ಸಲಾಯಿನ್ ಹಚ್ಚಿಸಿಕೊಂಡು ಬಂದಿದ್ದಳು. ಇನ್ನೊಮ್ಮೆ ಹೀಗಾದರೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಮಳೆಗಾಲದ ಅಂಗಾರಕ ಸಂಕಷ್ಟಿಯ ದಿನ ಅವಳ ಮಗ ಬಾಳು ಮಾಳಿಗೆ ಹತ್ತಿ ಫೋನು ಮಾಡಿದ. "ಅವ್ವ ಮಾತ ಕೇಳವಲ್ಲಳು. ನೀ ಬಂದ ಹೇಳು."

ಹೋದೆ. ಬೆಳಗಿನಿಂದ ಮೋಡ ಕಂಬಳಿ ಹೊದ್ದಂತೆ ಕವಿದಿತ್ತು. ಓಣಿಯ ಹೆಂಗಸರದು ಇಂಥ ದಿನಕ್ಕೆ ಸುಲಭದ ಉಪಾಯ. ಕ್ಯಾಲೆಂಡರಿನ ಹೊತ್ತು ನೋಡಿ, ಮೋಡಕ್ಕೇ ಆರತಿ ಎತ್ತಿ ಉಂಡುಬಿಡುತ್ತಾರೆ. ಅದು ಎಂಥ ಭಕ್ತಿಯೋ! ಆದರೂ ಅತ್ತೆಗೆ ಅದನ್ನೇ ಮಾಡೆಂದೆ.

"ಕ್ಯಾಲೆಂಡರ್ ನೋಡಿ ಉಣ್ಣಾಕ ನಾ ಏನ್ ಕ್ಯಾಲೆಂಡರಿನ ಉಪಾಸ ಮಾಡೇನೇನು? ಚಂದ್ರಾಮ ಕಂಡರ ಉಣತೇನಿ. ಇಲ್ಲಂದ್ರ ಇಲ್ಲ."

ಮೂರ್ಖತನ ಅಂತಲೇ ಅಂದೆ, ಬಾಯಿಬಿಟ್ಟು ಅಂದೆ. ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಕತ್ತಲಾಗುತ್ತಿದ್ದಂತೆ ಅವಳ ಕೈ ನಡುಗತೊಡಗಿತು, ಹಣೆಯಲ್ಲಿ ಬೆವರು, ಮಾತು ತೊದಲು. ಸಕ್ಕರೆ ಹಾಕಲು ಹೋದರೆ ಹಲ್ಲು ಕಚ್ಚಿ ಹಿಡಿದಳು. ಬಾಳು ಜೀಪು ತರಲು ಓಡಿದ. ಅಂಗಳದ ಕಟ್ಟೆಯ ಮೇಲೆ ಅವಳನ್ನು ಒರಗಿಸಿಕೊಂಡು ನಾನು ಕೂತೆ. ಸಿಟ್ಟು ಬಂದಿತ್ತು. ಸಿಟ್ಟಷ್ಟೇ ಅಲ್ಲ, ನನ್ನ ತೊಡೆಯ ಮೇಲೇ ಹೋಗಿಬಿಡುತ್ತಾಳೆಂಬ ಹೆದರಿಕೆ.

ಆಗ ಅವಳು ನನ್ನ ಕೈ ಅದುಮಿದಳು. "ಬಂದ ನೋಡಪಾ."

ಮೂಡಲಲ್ಲಿ, ಕಬ್ಬಿನ ಗದ್ದೆಯ ಮೇಲೆ ಒಂದು ತೆಂಗಿನ ಮರದಷ್ಟು ಎತ್ತರದಲ್ಲಿ ಮೋಡ ಬಿರಿದಿತ್ತು. ಅಲ್ಲಿ ಚಂದ್ರನಿದ್ದ. ಮೇಲಂಚು ತುಸು ಸವೆದ, ಹಳದಿ ಬಣ್ಣದ, ಚೌತಿಯ ಚಂದ್ರ. ಅತ್ತೆ ನೀರು ಬಿಟ್ಟಳು, ಅಕ್ಷತೆ ಹಾಕಿದಳು, ಮೋದಕ ಬಾಯಿಗಿಟ್ಟಳು. ನಾನು ಸಕ್ಕರೆ ನೀರು ಕುಡಿಸಿದೆ. ತಲೆ ಎತ್ತಿ ನೋಡುವಷ್ಟರಲ್ಲಿ ಮೋಡ ಮುಚ್ಚಿತ್ತು.

ಅವಳಿಗೆ ಜೀವ ಬಂದ ಮೇಲೆ ಗಡಿಯಾರ ನೋಡಿದೆ. ಎಂಟೂಕಾಲು. ನಾನೇ ಲೆಕ್ಕ ಹಾಕಿ ಅಚ್ಚು ಹಾಕಿಸಿದ ಚಂದ್ರೋದಯ ಒಂಬತ್ತೂಮುಕ್ಕಾಲಿಗೆ. ಗಡಿಯಾರ ಕೆಟ್ಟಿರಬೇಕೆಂದು ಮೊಬೈಲು ನೋಡಿದೆ. ಅದೂ ಅಷ್ಟೇ ಹೇಳಿತು. ಜೀಪು ತಂದ ಬಾಳು, "ಎಲ್ಲಿ ಚಂದ್ರ? ದಾರಿ ತುಂಬ ಕಗ್ಗತ್ತಲಿ ಐತಿ" ಅಂದ. ನಾನು ಮಾಳಿಗೆ ಹತ್ತಿ ಕೂತೆ. ಹತ್ತರ ನಂತರ ಮೋಡ ಹರಿದು ಚಂದ್ರ ಕಂಡ, ಕಬ್ಬಿನ ಗರಿಗೆ ತಾಗುವಷ್ಟು ಕೆಳಗೆ. ಆಗಷ್ಟೇ ಹುಟ್ಟಿದವನು ಎಲ್ಲಿರಬೇಕೋ ಅಲ್ಲೇ. ಎಂಟಕ್ಕೆ ಅಷ್ಟು ಮೇಲಿದ್ದವನು ಹತ್ತಕ್ಕೆ ಕೆಳಗಿಳಿದು ಕೂರಲು ಅವನೇನು ಬಾವಿಯ ಕೊಡವೇ?

ಬೆಳಿಗ್ಗೆ ಓಣಿಯ ಹೆಂಗಸರು ಬಂದು, "ನಮಗ ಹತ್ತರ ಮ್ಯಾಲ ಕಂಡಾನ. ನಿನಗ ಹೆಂಗ ಮೊದಲ ಕಂಡಾ ಬೇ?" ಎಂದು ಚುಚ್ಚಿದರು. ಅತ್ತೆಯ ಮುಖ ಬಾಡಿತು. ವ್ರತ ಕೆಟ್ಟಿತೆಂದರೆ ಅವಳು ಆ ದಿನವೇ ಮತ್ತೆ ಉಪವಾಸ ಕೂರುವವಳು. ನನ್ನ ಕಡೆ ತಿರುಗಿದಳು.

"ನೀ ಪೇಪರಿನ್ಯಾಗ ಬರ್ಯಾಂವ. ಖರೇ ಹೇಳು, ನಾವು ನೋಡಿದ್ದು ಚಂದ್ರಾಮನ ಹೌದಲ್ಲೋ?"

"ಹೌದತ್ತಿ," ಅಂದೆ. "ಪೇಪರಿನ್ಯಾಗ ನಾನ ಟೈಮ್ ತಪ್ಪ ಬರದೇನಿ."

ಅವಳು ಚಹಾದ ಬಟ್ಟಲು ಕೈಗೆತ್ತಿಕೊಂಡು ನಕ್ಕಳು. "ಅದಕ್ಕ ನೋಡು, ನಿನ್ನ ಪೇಪರ್ ಯಾರೂ ಓದಂಗಿಲ್ಲ."

ಈ ಮಾತು ಕಬ್ಬೂರಿನವರೆಗೂ ಹೋಯಿತು. 'ಟೈಮ್ ತಪ್ಪುವ ಮಾಸ್ತರ' ಎಂದು ಇಂದಿಗೂ ಹಲ್ಲು ಕಿಸಿಯುತ್ತಾರೆ, ಶನಿ ಯಾವಾಗ ಬಿಡುತ್ತಾನೆಂದು ಕೇಳುವ ಅದೇ ಮಹಾಜ್ಞಾನಿಗಳು. ಟ್ರ್ಯಾಕ್ಟರಿನ ದೀಪವಿರಬೇಕು, ಸಕ್ಕರೆ ಫ್ಯಾಕ್ಟರಿಯ ಬೆಳಕಿರಬೇಕು ಎಂದು ನನಗೆ ಬರೆದು ತಿಳಿಸಬೇಡಿ. ಮಳೆಗಾಲದಲ್ಲಿ ಫ್ಯಾಕ್ಟರಿ ಬಂದ್ ಇರುತ್ತದೆ, ಟ್ರ್ಯಾಕ್ಟರ್ ಆಕಾಶದಲ್ಲಿ ಓಡುವುದಿಲ್ಲ. ಆ ಲೆಕ್ಕವನ್ನು ನಾನು ಎಷ್ಟು ಸಲ ತಿರುಗಿ ಹಾಕಿದ್ದೇನೋ ನನಗೇ ನೆನಪಿಲ್ಲ. ಒಂಬತ್ತೂಮುಕ್ಕಾಲೇ ಸರಿ. ನಾನು ಬರೆದದ್ದರಲ್ಲಿ ತಪ್ಪೇ ಇರಲಿಲ್ಲ.