ಸುಧಾಮಣಿ ಮೂಟೆ ಸುರಿದು ನೋಡಿದ್ದು

ಸುಧಾಮಣಿಗೆ ನಾವು ಇಟ್ಟಿದ್ದ ಹೆಸರು ಅನುಮಾನದಮ್ಮ. ಗುಂಡ್ಲುಪೇಟೆ ಕಾಲೇಜಿನಲ್ಲಿ ಮೂರು ವರ್ಷ ಭೌತಶಾಸ್ತ್ರದ ಲ್ಯಾಬಿನಲ್ಲಿ ಅವಳ ಜೋಡಿಯಾಗಿ ಪಾಡು ಪಟ್ಟವಳು ನಾನು. ತಂತಿಯ ದಪ್ಪ ಅಳೆಯುವ ಸ್ಕ್ರೂಗೇಜನ್ನು ನಾನು ಒಂದು ಸಲ ನೋಡಿ ಬರೆದುಕೊಂಡರೆ ಅವಳು ಮೂರು ಸಲ ನೋಡಬೇಕು. ಮೂರೂ ಒಂದೇ ಬಂದರೆ ಗೇಜೇ ಕೆಟ್ಟಿದೆಯೇನೋ ಎಂದು ಪಕ್ಕದ ಬೆಂಚಿನದನ್ನು ತರಬೇಕು. ನಮ್ಮಿಬ್ಬರ ಊರೂ ಬೇಗೂರು, ಕಾಲೇಜಿಗೆ ಬಸ್ಸಿನಲ್ಲೇ ಓಡಾಟ. ಅವಳ ದೆಸೆಯಿಂದ ನಾನು ತಪ್ಪಿಸಿಕೊಂಡ ಬಸ್ಸುಗಳಿಗೆ ಲೆಕ್ಕವಿಲ್ಲ.

ಈ ಗುಣ ಅವಳಿಗೆ ಅಪ್ಪನಿಂದ ಬಂದದ್ದು. ಮರಿಮಲ್ಲಪ್ಪನವರು ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ದಲ್ಲಾಳಿ. ಮೂಟೆಯ ಬಾಯಲ್ಲಿ ಕಾಣುವ ಈರುಳ್ಳಿಯನ್ನು ಅವರು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಮೂಟೆಯನ್ನು ತಲೆಕೆಳಗು ಮಾಡಿ ನೆಲಕ್ಕೆ ಸುರಿಸಿ, ತಳದಿಂದ ಉರುಳಿದ್ದನ್ನೇ ಮೊದಲು ಹಿಸುಕುತ್ತಿದ್ದರು. ಮಗಳಿಗೆ ಕಲಿಸಿದ್ದ ಇನ್ನೊಂದು ಪಾಠ: 'ಪುಕ್ಕಟೆ ಕೊಟ್ರೆ ಮೂಸಿ ನೋಡು.' ಮಂಡಿಯಲ್ಲಿ ಸಂಜೆ ಪುಕ್ಕಟೆ ಸಿಗುವುದು ಕೊಳೆತದ್ದು ಮಾತ್ರ.

2008ರ ಆಗಸ್ಟ್ ಕೊನೆಯಲ್ಲಿ ಟೀವಿಯವರು ಒಂದು ಸುದ್ದಿ ಹಿಡಿದುಕೊಂಡರು. ಸೆಪ್ಟೆಂಬರ್ ಹತ್ತಕ್ಕೆ ಜಿನೀವಾದ ಹತ್ತಿರ ಕಣಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸುವ, ನೆಲದೊಳಗಿನ ದೊಡ್ಡ ಯಂತ್ರ ಶುರುವಾಗುತ್ತದಂತೆ, ಅದರಲ್ಲಿ ಕಪ್ಪುಕುಳಿ ಹುಟ್ಟಿ ಭೂಮಿಯನ್ನು ನುಂಗುತ್ತದಂತೆ. ಬೆಂಕಿಯ ಚಿತ್ರ, ಡಮರುಗದ ಸದ್ದು, ಜೊತೆಗೊಬ್ಬ ಜ್ಯೋತಿಷಿ. ಇಷ್ಟನ್ನೂ ಕೂತು ನೋಡಿದ ಸುಧಾಮಣಿಯ ಅಜ್ಜಿ ಶಾಂತಮಲ್ಲಮ್ಮ ಮಾರನೆಯ ದಿನದಿಂದ ಬೀಪಿ ಮಾತ್ರೆ ನುಂಗುವುದನ್ನೇ ಬಿಟ್ಟರು.

"ಹತ್ತನೇ ತಾರೀಕ್ಗೆ ಎಲ್ಲಾ ಮುಗಿತದಂತೆ. ಆ ಕಹಿ ಮಾತ್ರೆ ಯಾಕ್ ನುಂಗನ, ಬುಡು" ಎಂದರು.

ಮಗ ಗದರಿದರು, ಸೊಸೆ ಅತ್ತಳು. ಅಜ್ಜಿ ಮೊಮ್ಮಗಳನ್ನು ಕರೆದರು. "ನೀ ಅದನ್ನೇ ಓದ್ತಿದ್ದೀಯಲ್ಲಮ್ಮಿ. ನೀ ಯೇಳು, ದಿಟವಾ ಸುಳ್ಳಾ? ನೀ ಸುಳ್ಳು ಅಂದ್ರೆ ನುಂಗ್ತೀನಿ."

ಬೇರೆ ಯಾರಾದರೂ ಆಗಿದ್ದರೆ ಸುಳ್ಳಜ್ಜಿ ಎಂದು ಅಲ್ಲೇ ಮುಗಿಸುತ್ತಿದ್ದರು. ಈ ಮಾರಾಯ್ತಿ ಹೇಳಿದ್ದೇನು ಗೊತ್ತೇ? "ನೋಡಿ ಯೇಳ್ತೀನಿ ಕಣಜ್ಜಿ." ನನಗೆ ಮೈಯೆಲ್ಲ ಉರಿಯಿತು.

ನೋಡುವುದೆಂದರೆ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡ್ ಎದುರಿನ ಸೈಬರ್ ಸೆಂಟರು. ಎರಡೇ ಕಂಪ್ಯೂಟರು, ಕರೆಂಟು ಇದ್ದರೆ ನೆಟ್ ಇರದು, ನೆಟ್ ಬಂದರೆ ಕರೆಂಟು ಹೋಗುವುದು. ಮೊದಲ ದಿನವೇ ಹತ್ತು ಸೈಟುಗಳಲ್ಲಿ ಭೂಮಿ ಮುಳುಗುವ ಸುದ್ದಿ ಸಿಕ್ಕಿತು. ಹತ್ತು ಜನ ಹೇಳುತ್ತಿದ್ದಾರಲ್ಲೇ ಎಂದು ನನಗೂ ಒಳಗೊಳಗೇ ಅಳುಕು. ಸುಧಾಮಣಿ ಪರದೆಗೆ ಮೂಗು ತಾಗಿಸಿ, "ಹತ್ತರಲ್ಲೂ ವಿಜ್ಞಾನಿ ಹೆಸರಿನ ಸ್ಪೆಲ್ಲಿಂಗು ಒಂದೇ ತರ ತಪ್ಪಾಗದೆ. ಮೂಟೆ ಹತ್ತು, ಹೊಲ ಒಂದೇ ಕಣೆ" ಎಂದಳು.

ಆಮೇಲೆ ಯಂತ್ರ ಕಟ್ಟಿದವರದೇ ಸುರಕ್ಷತಾ ವರದಿ ಸಿಕ್ಕಿತು. ಭಯವಿಲ್ಲ ಎಂದು ಸ್ಪಷ್ಟವಾಗಿ ಬರೆದಿತ್ತು. ನಾನು ಚಪ್ಪಲಿ ಮೆಟ್ಟಿಕೊಂಡೆ. ಅವಳು ಏಳಲಿಲ್ಲ. "ಈರುಳ್ಳಿ ಮಾರೋನನ್ನೇ ನಿನ್ ಈರುಳ್ಳಿ ಚೆನ್ನಾಗದಾ ಅಂತ ಕೇಳ್ದಂಗಾಯ್ತು!"

ನಮಗೆ ಭೌತಶಾಸ್ತ್ರ ಕಲಿಸುವ ಗುರುಸಿದ್ದಯ್ಯ ಮೇಷ್ಟರು ಒಂದು ಜಾಲತಾಣದ ವಿಳಾಸ ಬರೆದುಕೊಟ್ಟರು. ವಿಜ್ಞಾನಿಗಳು ತಮ್ಮ ಪ್ರಬಂಧಗಳನ್ನು ಪತ್ರಿಕೆಯಲ್ಲಿ ಅಚ್ಚಾಗುವ ಮೊದಲೇ ಅಲ್ಲಿ ಹಾಕುತ್ತಾರೆ, ಯಾರು ಬೇಕಾದರೂ ಓದಬಹುದು ಎಂದರು. ಕಪ್ಪುಕುಳಿಯ ಮೇಲೆಯೇ ನೂರು ಪುಟದ ಹತ್ತಿರದ ಪ್ರಬಂಧ ಸಿಕ್ಕಿತು. ಸುಧಾಮಣಿ ಮೊದಲ ಪುಟ ನೋಡಿ ಕೇಳಿದಳು: "ದುಡ್ಡು ಕೇಳ್ತಾ ಇಲ್ವಲ್ಲಾ?"

ಇಲ್ಲ.

"ಹಂಗಾರೆ ಬ್ಯಾಡ."

ಅಲ್ಲೇ ಎಡವಿದಳು ನೋಡಿ. ಡಾಲರು ಕೇಳುವ ಪತ್ರಿಕೆಗಳ ಬಾಗಿಲಲ್ಲಿ ಮೂರು ದಿನ ಕಾದಳು. ಅವು ನಾಲ್ಕು ಸಾಲಿನ ಸಾರಾಂಶ ತೋರಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದವು. ಆರನೇ ತಾರೀಕು ಅಜ್ಜಿ ಹಿತ್ತಲಲ್ಲಿ ತಲೆ ಸುತ್ತಿ ಕುಸಿದರು. ನನಗೆ ತಡೆಯಲಾಗಲಿಲ್ಲ. ಅವಳಿಗೆ ಹೇಳದೆ ಅಜ್ಜಿಯ ಹತ್ತಿರ ಹೋಗಿ, "ಎಲ್ಲಾ ಸುಳ್ಳು ಕಣಜ್ಜಿ, ನಾವು ಓದಿ ನೋಡಿದ್ವಿ, ಮಾತ್ರೆ ತಗೊಳಿ" ಎಂದೆ. ಅಜ್ಜಿ ನನ್ನ ಮುಖವನ್ನೇ ದಿಟ್ಟಿಸಿ, "ಸುಧಾ ಬಂದು ಯೇಳ್ಲಿ ಬುಡವ್ವ" ಎಂದು ಗೋಡೆ ಕಡೆ ತಿರುಗಿ ಮಲಗಿದರು.

ಆ ಸಂಜೆ ಮಂಡಿಯಲ್ಲಿ ಸುಧಾಮಣಿ ಅಪ್ಪನ ಮುಂದೆ ಅತ್ತಳು. ಅವಳು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ದುಡ್ಡಿನದು ತೆರೆಯುವುದಿಲ್ಲ, ಪುಕ್ಕಟೆಯದನ್ನು ನಂಬುವ ಹಾಗಿಲ್ಲ ಎಂದಳು.

ಮರಿಮಲ್ಲಪ್ಪನವರಿಗೆ ಇಂಟರ್ನೆಟ್ಟಿನ ಗಂಧವೇ ಇಲ್ಲ. ಆದರೂ ಕೇಳಿದರು: "ದುಡ್ಡು ಕೇಳೋನು ಮೂಟೆ ಬಾಯಿ ಬಿಚ್ಚಿದ್ನಾ?"

"ಇಲ್ಲ."

"ಪುಕ್ಕಟೆ ಅಂದೋನು?"

"ಪೂರ್ತಿ ಸುರ್ದವ್ನೆ. ಲೆಕ್ಕ, ಆಧಾರ, ಎಲ್ಲಾನೂವೆ."

"ಮತ್ತೆ? ಸುರ್ದು ಹಿಸುಕಿ ನೋಡು ಅನ್ನೋನ್ತಾವ ಹಿಸುಕಿ ನೋಡ್ದೆ ಬರದಾ? ಪುಕ್ಕಟೆ ಕೊಟ್ರೆ ಮೂಸಿ ನೋಡು ಅಂದಿದ್ದೆ ಕಣಮ್ಮಿ, ಎಸೆದ್ಬುಡು ಅಂದಿರ್ನಿಲ್ಲ."

ಮಾರನೆಯ ಬೆಳಿಗ್ಗೆ ಆ ಪ್ರಬಂಧವನ್ನು ಪ್ರಿಂಟು ಹಾಕಿಸಿದಳು. ಓದಲು ಶುರುಮಾಡಿದ್ದು ಕೊನೆಯ ಪುಟದ ಆಧಾರಪಟ್ಟಿಯಿಂದ! ಯಂತ್ರ ಕಟ್ಟಿದವರಲ್ಲದ ಬೇರೆಯವರ ಎಷ್ಟು ಕೆಲಸ ಅದರಲ್ಲಿದೆ ಎಂದು ಗುರುತು ಹಾಕಿಕೊಂಡಳು. ಆಮೇಲೆ ಪೆನ್ನು ಹಿಡಿದು ಕೂತಳು. ನಾವು ಸಾಪೇಕ್ಷತೆಯಲ್ಲಿ ಕಲಿತ ಸೂತ್ರವೇ ಸಾಕಾಯಿತು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಆ ಯಂತ್ರಕ್ಕಿಂತ ಜೋರಾಗಿ ಭೂಮಿಗೆ ಡಿಕ್ಕಿ ಹೊಡೆಯುತ್ತಲೇ ಬಂದಿವೆ, ಕೋಟಿಗಟ್ಟಲೆ ವರ್ಷದಿಂದ. ನನಗೆ ಅಷ್ಟಕ್ಕೇ ಸಮಾಧಾನವಾಯಿತು. ಅವಳಿಗೆ ಇನ್ನೂ ಅನುಮಾನ: ಕಿರಣ ಬಡಿದು ಹುಟ್ಟಿದ ಕಪ್ಪುಕುಳಿ ವೇಗವಾಗಿ ಹಾರಿಹೋಗುತ್ತದೆ, ಯಂತ್ರದಲ್ಲಿ ಹುಟ್ಟಿದ್ದು ಇಲ್ಲೇ ನಿಂತರೆ? ಅದಕ್ಕೂ ಪ್ರಬಂಧದಲ್ಲಿ ಉತ್ತರವಿತ್ತು. ತುಂಬ ಗಟ್ಟಿಯಾದ ಸತ್ತ ನಕ್ಷತ್ರಗಳಿವೆ, ಕಿರಣ ಬಡಿದು ಅಲ್ಲಿ ಕಪ್ಪುಕುಳಿ ಹುಟ್ಟಿದರೆ ಅದು ತಪ್ಪಿಸಿಕೊಳ್ಳಲಾರದು, ಆದರೂ ಆ ನಕ್ಷತ್ರಗಳು ಇಂದಿಗೂ ಆಕಾಶದಲ್ಲಿವೆ. ಎಂಟನೇ ತಾರೀಕು ಮಧ್ಯಾಹ್ನ ಪೆನ್ನಿನ ಮುಚ್ಚಳ ಹಾಕಿ, "ಸುಳ್ಳು" ಎಂದಳು.

ಬೇಗೂರಿಗೆ ಓಡಿದೆವು. ಅಜ್ಜಿಯ ಕಾಲು ಊದಿಕೊಂಡಿತ್ತು.

"ಸುಳ್ಳು ಕಣಜ್ಜಿ."

"ಯಾರ್ ಯೇಳ್ದೋರು?"

"ಯಾರೂ ಯೇಳ್ನಿಲ್ಲ. ನಾನೇ ಲೆಕ್ಕ ಹಾಕಿ ನೋಡ್ದೆ. ಹತ್ತಕ್ಕೆ ಬರೀ ಯಂತ್ರ ಸುರು ಮಾಡ್ತಾರೆ, ಡಿಕ್ಕಿ ಹೊಡ್ಸದು ಆಮೇಲೆ. ಅವಾಗ್ಲೂ ಏನೂ ಆಗಕಿಲ್ಲ."

ಆ ಡಿಕ್ಕಿಯ ಮಾತು ಬೇಕಿತ್ತೇ ಎಂದು ನಾನು ಅವಳ ಕೈ ಚಿವುಟಿದೆ. ಅಜ್ಜಿ ಮೊಮ್ಮಗಳ ಮುಖವನ್ನು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಆಮೇಲೆ ಕೈಚಾಚಿ ಮಾತ್ರೆ ಇಸಿದುಕೊಂಡು ನುಂಗಿ, ನೀರು ಕುಡಿದರು. ನನಗೆ ಸಮಾಧಾನದ ಜೊತೆ ಸಿಟ್ಟೂ ಬಂತು.

"ನಾನೂ ಅವತ್ತು ಅದನ್ನೇ ಯೇಳ್ಲಿಲ್ವಾ ಅಜ್ಜಿ?"

"ಯೇಳ್ದೆ ಕಣವ್ವ. ನೀ ಯೇಳಿದ್ದೂ ದಿಟವೇಯ" ಎಂದು ಅಜ್ಜಿ ಖಾಲಿ ಲೋಟವನ್ನು ನನ್ನ ಕೈಗೆ ಕೊಟ್ಟರು. "ಆದ್ರೆ ನಿಂಗೆ ಅವತ್ತು ಗೊತ್ತಿರ್ನಿಲ್ಲ."